ಕನ್ನಡ ಟೀಚರು ತೆಗೆದುಕೊಂಡ ಆಟದ ಪಿರಿಯಡ್ಡು

ಗಂಡುಹುಡುಗರನ್ನು ಅವರ ಪಾಡಿಗೆ ಆಡಲು ಬಿಟ್ಟರೆ ಒಂದು ಅನಾಹುತ ಆಗುತ್ತದೆ. ನಾವೇ ನಿಂತು ಆಡಿಸಿದರೆ ಎರಡು. ಹದಿನೇಳು ವರ್ಷ ಆಟದ ಪಿರಿಯಡ್ಡು ತೆಗೆದುಕೊಂಡ ಮೇಲೆ ನಾನು ಕಂಡುಕೊಂಡದ್ದು ಇಷ್ಟೇ.

ನಾನು ಕೆಲಸಕ್ಕೆ ಸೇರಿದ್ದು ಕನ್ನಡ ಕಲಿಸಲು. ಎಪ್ಪತ್ತರ ದಶಕದ ಶುರುವಿನಲ್ಲಿ ಆರ್ಡರು ಹಿಡಿದುಕೊಂಡು ಕೂಡ್ಲಿಗಿ ಕಡೆಯ ಶಾಲೆಯೊಂದಕ್ಕೆ ಹೋದೆ. ಹೆಡ್‌ಮಾಸ್ತರು ಆರ್ಡರನ್ನು ಎರಡು ಸಲ ಓದಿ, ಮಡಿಚಿಟ್ಟು, ಹೇಳಿದರು:

"ಕನ್ನಡ ನಿಮ್ದು. ಆಟಾನೂ ನಿಮ್ದು. ಡ್ರಿಲ್ ಮಾಸ್ತರ್ ಪೋಸ್ಟು ನಮಗ ಇಲ್ಲ."

"ಸಾರ್, ನನಗ ಆಟ ಬರಂಗಿಲ್ಲ."

"ಅವರಿಗೆ ಬರ್ತಾವು. ನೀವು ಸೀಟಿ ಊದಿದ್ರ ಸಾಕು."

ಡ್ರಾಯರಿನಿಂದ ಒಂದು ಸೀಟಿ ತೆಗೆದುಕೊಟ್ಟರು. ಅದರೊಳಗಿನ ಗುಂಡು ಯಾವಾಗಲೋ ಉದುರಿ ಹೋಗಿತ್ತು. ಊದಿದರೆ ಬರೀ ಉಸಿರು ಬರುತ್ತಿತ್ತು. ನನ್ನ ಕ್ರೀಡಾಜೀವನ ಹೀಗೆ ಆರಂಭವಾಯಿತು.

ಮಾತಾಡದ ಆಟ

ಬೇಸಿಗೆ ಬಂದರೆ ಮಧ್ಯಾಹ್ನದ ಮೇಲೆ ಹುಡುಗರನ್ನು ಬಯಲಿಗೆ ಬಿಡಬಾರದು ಎಂದು ಹೆಡ್‌ಮಾಸ್ತರ ಕಟ್ಟಪ್ಪಣೆ. ಆರನೇ ಕ್ಲಾಸಿನ ನಲವತ್ತೆರಡು ಹುಡುಗರು, ಒಂದು ಕೋಣೆ, ಎರಡು ಕಿಟಕಿ. ಇವರನ್ನು ಒಳಗೇ ಕೂರಿಸಿ ಆಡಿಸಬೇಕು. ನಾನು ಯೋಚಿಸಿ ಯೋಚಿಸಿ ಒಂದು ಆಟ ಕಟ್ಟಿದೆ. ಮಾತಾಡಿದವನು ಔಟು. ಕೊನೆತನಕ ಬಾಯಿ ಬಿಡದವನು ಆವತ್ತು ಸಂಜೆ ಶಾಲೆಯ ಗಂಟೆ ಬಾರಿಸಬಹುದು. ಗಂಟೆ ಬಾರಿಸುವುದು ಆಗ ಸಣ್ಣ ಮಾತಲ್ಲ. ಅದಕ್ಕಾಗಿ ಹುಡುಗರು ಉಸಿರನ್ನೂ ಹಿಡಿದುಕೊಂಡು ಕೂರುತ್ತಿದ್ದರು.

ಆದರೆ ನಾನೊಂದು ತಪ್ಪು ಮಾಡಿದೆ. ಎರಡು ದಿನ ಅವರನ್ನು ಪರೀಕ್ಷಿಸಲೆಂದು ನಡುವೆ, "ಆಟ ಮುಗೀತು, ಇನ್ನ ಮಾತಾಡ್ರಿ" ಅಂದೆ. ಮೂವತ್ತು ಜನ ಖುಷಿಯಿಂದ ಕೂಗಿದರು. ಮೂವತ್ತೂ ಜನ ಔಟು. ಅಲ್ಲಿಂದ ಮುಂದೆ ನನ್ನ ಮಾತನ್ನು ನಂಬುವುದನ್ನು ಅವರು ಬಿಟ್ಟರು.

ಮೂರನೇ ದಿನ ಆಟ ನಡೆದಿದ್ದಾಗ ಬಾಗಿಲಲ್ಲಿ ಹೆಡ್‌ಮಾಸ್ತರು ಕಾಣಿಸಿದರು. ಅವರ ಹಿಂದೆ ಇನ್ಸ್‌ಪೆಕ್ಟರ್ ಸಾಹೇಬರು. ಅವರ ಹಿಂದೆ ನಮ್ಮ ಶಾಲೆಯ ಜವಾನ, ಕುರ್ಚಿ ಹೊತ್ತುಕೊಂಡು. ಹುಡುಗರು ಸದ್ದಿಲ್ಲದೆ ಎದ್ದು ನಿಂತರು, ಸದ್ದಿಲ್ಲದೆ ಕೂತರು. ಸಾಹೇಬರಿಗೆ ಸಂತೋಷವಾಯಿತು.

"ನಮ್ಮ ರಾಜ್ಯದ ರಾಜಧಾನಿ ಯಾವುದಪ್ಪಾ?"

ಯಾರೂ ಮಾತಾಡಲಿಲ್ಲ. "ಹೇಳ್ರಲೇ," ಅಂದರು ಹೆಡ್‌ಮಾಸ್ತರು.

"ಹೋಗ್ಲಿ, ನಿಮ್ಮ ತಾಲ್ಲೂಕು ಯಾವುದು?"

ನಲವತ್ತೆರಡು ಜೋಡಿ ಕಣ್ಣು ಅವರನ್ನೇ ನೋಡಿದವು.

"ಎಂಟೇಳ್ಲಿ ಎಷ್ಟು?"

ಮುಂದಿನ ಬೆಂಚಿನವನು ಮೊದಲು ಐದು ಬೆರಳು ತೋರಿಸಿದ, ಆಮೇಲೆ ಆರು. ಸಾಹೇಬರು ನನ್ನ ಕಡೆ ತಿರುಗಿದರು.

"ಇವರಿಗೆ ಮಾತು ಬರ್ತೈತೇನ್ರಿ?"

"ಬರ್ತೈತಿ ಸಾರ್. ಬ್ಯಾರೆ ದಿನ ನಿಲ್ಲಂಗಿಲ್ಲ." ನಾನು ಹುಡುಗರ ಕಡೆ ನೋಡಿ ಅಂಗಲಾಚಿದೆ: "ಲೇ, ಆಟ ಮುಗೀತ್ರೋ. ಖರೇನ ಮುಗೀತು. ಮಾತಾಡ್ರಿ!"

ನಿಮ್ಮ ಆಟ ನಮಗೆ ಗೊತ್ತು ಎಂಬಂತೆ ಇಡೀ ಕ್ಲಾಸು ಮುಗುಳ್ನಕ್ಕಿತು. ಸಾಹೇಬರು ಭೇಟಿ ಪುಸ್ತಕದಲ್ಲಿ, "ಶಿಸ್ತು ಅತ್ಯುತ್ತಮ. ವಿದ್ಯಾಭ್ಯಾಸದ ಬಗ್ಗೆ ಏನೂ ತಿಳಿದುಬರಲಿಲ್ಲ" ಎಂದು ಬರೆದು ಹೋದರು.

ಜೀಪಿನ ಸದ್ದು ದೂರವಾದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ತಡೆಯಲಾರದೆ ಎದ್ದು ನಿಂತ. "ಟೀಚರ್, ಸಾಹೇಬ್ರು ಔಟ್! ಎಲ್ಲಾರಿಗಿಂತ ಮೊದ್ಲು ಅವರ ಮಾತಾಡಿದ್ರು!"

ಉಳಿದ ನಲವತ್ತೊಂದು ಜನ ಒಟ್ಟಿಗೆ ಕೂಗಿದರು, "ನೀನೂ ಔಟಲೇ!"

ಆವತ್ತು ಸಂಜೆ ಗಂಟೆಯನ್ನು ಜವಾನನೇ ಬಾರಿಸಿದ. ಆ ಕೋಣೆಗೆ ಬಂದವರಲ್ಲಿ ಮಾತಾಡದೆ ಉಳಿದಿದ್ದವನು ಅವನೊಬ್ಬನೇ.

ಬಸ್ಸು ಹತ್ತಿದ ಚಿನ್ನಿ

ಕೊಟ್ಟೂರಿಗೆ ವರ್ಗವಾದ ಮೇಲೆ ಬಯಲು ಸಿಕ್ಕಿತು. ಬಯಲಿನ ಪಕ್ಕದಲ್ಲೇ ಬಸ್ಸು ಹೋಗುವ ರಸ್ತೆ. ಅಲ್ಲಿನ ಹುಡುಗರಿಗೆ ಚಿನ್ನಿದಾಂಡು ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ. ಚಿನ್ನಿ ಹೋಗಿ ಎಲ್ಲಿ ಬಿತ್ತೋ ಅಲ್ಲಿಯವರೆಗೆ ದಾಂಡಿನಿಂದ ಅಳೆಯಬೇಕು, ಎಷ್ಟು ದಾಂಡೋ ಅಷ್ಟು ಪಾಯಿಂಟು. ಅಳತೆ ಮಾಡುವಾಗಲೇ ಜಗಳ. ಜಗಳ ಬಿಡಿಸುವುದು ನನ್ನ ಕೆಲಸ.

ಏಳನೇ ಕ್ಲಾಸಿನಲ್ಲಿ ಒಬ್ಬ ಗಟ್ಟಿ ಆಳು ಇದ್ದ, ಅವರಪ್ಪನದು ಕಮ್ಮಾರಿಕೆ. ಒಂದು ಸಂಜೆ ಅವನು ಬೀಸಿದ ಏಟಿಗೆ ಚಿನ್ನಿ ಮೇಲೆದ್ದು, ರಸ್ತೆಯಲ್ಲಿ ನಿಧಾನಕ್ಕೆ ಹೊರಟಿದ್ದ ಬಸ್ಸಿನ ಟಾಪಿನ ಮೇಲೆ ಬಿತ್ತು. ಬಸ್ಸು ಹಗರಿಬೊಮ್ಮನಹಳ್ಳಿಗೆ ಹೋಗುವುದು. ಹೋಯಿತು.

ಎದುರು ಪಾರ್ಟಿಯ ಲೀಡರು, ಅಂಗಡಿಯವರ ಮಗ, ತಕ್ಷಣ ಕೈ ಎತ್ತಿದ. "ಬಸ್ಸು ಕ್ಯಾಚ್ ಹಿಡದೈತಿ. ನೀನು ಔಟ್!"

"ಬಸ್ಸು ನಿಮ್ಮ ಪಾರ್ಟಿನೇನಲೇ?" ಎಂದು ಹೊಡೆದವನು ಕೇಳಿದ.

ಹಾಗಾಗಿ ಔಟಲ್ಲ ಎಂದಾಯಿತು. ಔಟಲ್ಲ ಅಂದಮೇಲೆ ಪಾಯಿಂಟು ಎಷ್ಟು?

ಮರುದಿನ ಬೆಳಿಗ್ಗೆ ಎರಡೂ ಪಾರ್ಟಿ ನನ್ನ ಮುಂದೆ ಹಾಜರು. ಊರ ಹೊರಗಿನ ಕಿಲೋಮೀಟರು ಕಲ್ಲಿನಲ್ಲಿ ಬೊಮ್ಮನಹಳ್ಳಿ ಎಷ್ಟು ದೂರ ಎಂದು ನೋಡಿಕೊಂಡು ಬಂದಿದ್ದರು. ದಾಂಡಿನ ಉದ್ದವನ್ನು ಸ್ಕೇಲಿನಿಂದ ಅಳೆದಿದ್ದರು. ಕಿಲೋಮೀಟರನ್ನು ಮೀಟರು ಮಾಡಿ, ಮೀಟರನ್ನು ದಾಂಡು ಮಾಡಿ, ಎರಡು ಸ್ಲೇಟಿನ ತುಂಬ ಭಾಗಾಕಾರ. ನಾನು ಕನ್ನಡದವಳು. ಸ್ಲೇಟುಗಳನ್ನು ಲೆಕ್ಕದ ಮೇಷ್ಟ್ರಿಗೆ ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

"ಇವರು ಭಾಗಾಕಾರ ಮಾಡಿದ್ದು ಇದ ಮೊದಲ್ರಿ ಟೀಚರ್. ಸರಿ ಐತಿ. ಒಂದ ತಪ್ಪು. ಬಸ್ಸು ನಡುವ ಒಂದೂರೊಳಗ ಹೊಕ್ಕು ಹೊಂಡ್ತೈತಿ. ಅದನ್ನ ಕೂಡಿಸಿಲ್ಲ."

ಕಮ್ಮಾರರ ಹುಡುಗ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಅಷ್ಟು ಪಾಯಿಂಟು ಅವನ ಮೊಮ್ಮಕ್ಕಳ ಕಾಲಕ್ಕೂ ಸಾಕಾಗುತ್ತಿತ್ತು.

ಮೂರನೇ ದಿನ ಬಸ್ಸು ಬಯಲಿನ ಹತ್ತಿರ ನಿಂತಿತು. ಕಂಡಕ್ಟರು ಇಳಿದು ಬಂದು ಚಿನ್ನಿ ತೋರಿಸಿದರು. "ಯಾರ್ದ್ರಪಾ ಇದು? ಟಾಪಿನ ಮ್ಯಾಗಳ ತಾಡಪತ್ರಿ ಮಡಿಕ್ಯಾಗ ಸಿಕ್ಕೊಂಡಿತ್ತು. ಎರಡು ದಿನದಾಗ ಎಷ್ಟು ಸಲ ಹೋಗಿ ಬಂದೈತೋ ಏನೋ."

"ಹೋಗಿ ಬಂದೈತಿ! ಅಷ್ಟೂ ಕೂಡಸ್ರಿ ಟೀಚರ್!" ಎಂದು ಹುಡುಗ ಕುಣಿದ.

ಅಂಗಡಿಯವರ ಮಗ ಕುಣಿಯಲಿಲ್ಲ. ಅವನು ಮೆಲ್ಲಗೆ ಕೇಳಿದ, "ಈಗ ಚಿನ್ನಿ ಎಲ್ಲೈತಿ?"

"ಇಲ್ಲೇ ಐತಲ್ಲ."

"ಇಲ್ಲಿಂದ ಇಲ್ಲಿಗೆ ಎಷ್ಟು ದಾಂಡು?"

ಎಲ್ಲರೂ ನನ್ನನ್ನು ನೋಡಿದರು. ನಾನು ಆಟ ನೋಡಲು ಬಂದಿದ್ದ ಲೆಕ್ಕದ ಮೇಷ್ಟ್ರನ್ನು ನೋಡಿದೆ. ಅವರು ಬಹಳ ಸಂಕಟದಿಂದ, "ಸೊನ್ನಿ" ಅಂದರು.

ಕಮ್ಮಾರರ ಹುಡುಗ ಅಲ್ಲೇ ಕೂತು ಅಳತೊಡಗಿದ. ಕಂಡಕ್ಟರಿಗೆ ಏನೂ ಅರ್ಥವಾಗಲಿಲ್ಲ. ಪಾಪ, ಹುಡುಗನ ಬೆನ್ನು ಸವರಿ ಸಮಾಧಾನ ಹೇಳಿದರು: "ಅಳಬ್ಯಾಡಪಾ. ಚಿನ್ನಿಗೆ ಟಿಕೆಟ್ ಕೇಳಂಗಿಲ್ಲ."

ಆಸ್ಪತ್ರೆ ಆಟ

ಊರವರ ಮಕ್ಕಳ ಕಥೆ ಹೇಳಿ ನನ್ನ ಮಕ್ಕಳದ್ದು ಬಿಟ್ಟರೆ ನ್ಯಾಯವಲ್ಲ. ಹಗರಿಬೊಮ್ಮನಹಳ್ಳಿಗೆ ಬಂದಾಗ ನನಗೆ ಎರಡು ಗಂಡುಮಕ್ಕಳು, ಒಂದಕ್ಕೆ ಎಂಟು ವರ್ಷ, ಇನ್ನೊಂದಕ್ಕೆ ಆರು. ಬಾಡಿಗೆ ಮನೆಯ ಒಂದು ಬಾಗಿಲು, ಎರಡು ಕಿಟಕಿ, ಮೂರು ಕೊಡ ಆಗಲೇ ಹೋಗಿದ್ದವು. ವಾರಪತ್ರಿಕೆಯೊಂದರಲ್ಲಿ ಓದಿದೆ: ಚುರುಕು ಹುಡುಗರಿಗೆ ಹಳೆಯ ಬಟ್ಟೆ, ಖಾಲಿ ಡಬ್ಬಿ ಕೊಟ್ಟು ಮನೆಯೊಳಗೇ ಆಡಲು ಬಿಡಿ, ಕಲ್ಪನಾಶಕ್ತಿ ಬೆಳೆಯುತ್ತದೆ.

ನಮ್ಮ ಮಾವನವರು ಹಂಪಸಾಗರದಿಂದ ಬಂದಿದ್ದರು. ಕಿವಿ ಸ್ವಲ್ಪ ಮಂದ, ನಿದ್ದೆ ಬಹಳ ಗಟ್ಟಿ. ಊಟ ಮಾಡಿ ಪಡಸಾಲೆಯಲ್ಲಿ ಮಲಗಿದ್ದರು. ನಾನು ಹುಡುಗರಿಗೆ ಒಂದು ಹಳೇ ಧೋತರ ಕೊಟ್ಟು, "ಅಜ್ಜ ಮಲಗ್ಯಾನ, ಗದ್ದಲ ಮಾಡದಂಗ ಆಡ್ರಿ" ಎಂದು ಹೇಳಿ, ಪಕ್ಕದ ಮನೆಯ ಮಾಳಿಗೆಗೆ ಸಂಡಿಗೆ ಇಡಲು ಹೋದೆ. ಗದ್ದಲವೇನೂ ಕೇಳಿಸಲಿಲ್ಲ. ಪತ್ರಿಕೆಯವರು ಬಲ್ಲವರು ಅಂದುಕೊಂಡೆ.

ಒಂದು ತಾಸಿನ ನಂತರ ಕೆಳಗೆ ನೋಡಿದರೆ ನಮ್ಮ ಮನೆ ಮುಂದೆ ಜನ. ಓಡಿ ಬಂದೆ. ಹುಡುಗರು ಧೋತರವನ್ನು ಪಟ್ಟಿ ಪಟ್ಟಿ ಹರಿದು ಅಜ್ಜನ ತಲೆಗೆ, ಎರಡೂ ಕೈಗೆ, ಬಲಗಾಲಿಗೆ ಸುತ್ತಿದ್ದರು. ಮೇಲೆ ಕುಂಕುಮದ ನೀರು ಚಿಮುಕಿಸಿದ್ದರು. ಆಟ ಬೇಜಾರಾಗಿ, ರೋಗಿಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿದ್ದರು. ಮಜ್ಜಿಗೆ ಕೇಳಲು ಬಂದ ಎದುರುಮನೆಯಾಕೆ ಬಾಗಿಲಿಂದಲೇ ನೋಡಿ ಕೂಗಿಕೊಂಡಿದ್ದಳು.

ಅಷ್ಟರಲ್ಲಿ ಮಾವನವರಿಗೆ ಎಚ್ಚರವಾಗಿತ್ತು. ಸುತ್ತ ಇಪ್ಪತ್ತು ಜನ. ಒಬ್ಬರ ಕೈಯಲ್ಲಿ ಎಳನೀರು, ಒಬ್ಬರ ಕೈಯಲ್ಲಿ ಬಿಸ್ಕತ್ತು, ಒಬ್ಬರ ಕೈಯಲ್ಲಿ ಬಿಸಿ ಹಾಲು.

"ಏನಾತ್ರಿ ಯಜಮಾನ್ರ?" ಎಂದು ಯಾರೋ ಕೇಳಿದರು.

ಮಾವನವರು ತಮ್ಮ ಕೈ ನೋಡಿಕೊಂಡರು, ಕಾಲು ನೋಡಿಕೊಂಡರು. ಆಮೇಲೆ ಹಾಲು ನೋಡಿದರು. ಹಾಲು ತಗೊಂಡು ಕುಡಿದರು.

"ಏನೋಪಾ," ಅಂದರು, "ನನಗೂ ಸರಿಯಾಗಿ ನೆನಪಿಲ್ಲ."

ನಾನು ಎಲ್ಲರಿಗೂ ನಿಜ ಹೇಳಿ ಕಳಿಸುವಷ್ಟರಲ್ಲಿ ಸುದ್ದಿ ಎರಡು ಓಣಿ ದಾಟಿತ್ತು. ಕತ್ತಲಾಗುವವರೆಗೂ ನೋಡಲು ಬರುವವರು ಬಂದರು, ಬಾಳೆಹಣ್ಣು ಬಂತು, ಉಂಡಿ ಬಂತು. ಪಟ್ಟಿ ಬಿಚ್ಚಲು ಹೋದರೆ, "ಇರ್ಲಿ ಬಿಡವ್ವಾ, ಬೆಚ್ಚಗ ಐತಿ" ಅಂದರು.

ಮರುದಿನ ಬೆಳಿಗ್ಗೆ ಮೊಮ್ಮಕ್ಕಳನ್ನು ಹತ್ತಿರ ಕರೆದು ಅವರು ಪಿಸುಗುಟ್ಟಿದ್ದು ನನಗೆ ಅಡುಗೆಮನೆಗೆ ಕೇಳಿಸಿತು: "ಲೇ ಡಾಕ್ಟ್ರ, ಎಡಗಾಲು ಬಿಟ್ಟೀರಲ್ಲೋ."

ಮೂವತ್ತೊಂದು ಹುಡುಗರು

ಹಡಗಲಿಯಲ್ಲಿದ್ದಾಗ ಒಂದು ಸಲ ಮಾಗಳಕ್ಕೆ ಹುಡುಗರನ್ನು ಕರೆದುಕೊಂಡು ಹೋದೆ. ಒಬ್ಬ ಹುಡುಗನ ಅಪ್ಪ ಟ್ರ್ಯಾಕ್ಟರು ಕೊಟ್ಟಿದ್ದರು. ಹಿಂದಿನ ಟ್ರೇಲರಿನಲ್ಲಿ ಮೂವತ್ತೊಂದು ಹುಡುಗರು ಮತ್ತು ನಾನು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಮಂಡಕ್ಕಿ. ಮಾಗಳದಲ್ಲಿ ಗುಡಿ ಇದೆ, ನೆರಳಿದೆ, ಆಡಲು ಜಾಗ ಇದೆ. ಜೊತೆಗೆ ತುಂಗಭದ್ರೆಯೂ ಇದೆ. ನನಗೆ ಹೆದರಿಕೆ ಇದ್ದದ್ದು ಅದರದೇ.

"ಯಾರೂ ನೀರಿನ ಕಡಿ ಹೋಗಂಗಿಲ್ಲ" ಎಂದು ಆಣೆ ಹಾಕಿಸಿದೆ. ಅರ್ಧ ತಾಸಿಗೊಮ್ಮೆ ಸಾಲು ನಿಲ್ಲಿಸಿ ತಲೆ ಎಣಿಸಿದೆ. ಕಬಡ್ಡಿ ಆದಮೇಲೆ ಮೂವತ್ತೊಂದು. ಊಟ ಆದಮೇಲೆ ಮೂವತ್ತೊಂದು. ಲಗೋರಿ ಆದಮೇಲೆ ಮೂವತ್ತೊಂದು. ಟ್ರೇಲರು ಹತ್ತಿಸುವಾಗ ಎರಡು ಸಲ ಎಣಿಸಿದೆ, ಎರಡು ಸಲವೂ ಮೂವತ್ತೊಂದು. ದಾರಿಯುದ್ದಕ್ಕೂ ನನಗೆ ನನ್ನ ಬಗ್ಗೆಯೇ ಅಭಿಮಾನ.

ಹಡಗಲಿಯಲ್ಲಿ ಶಾಲೆಯ ಮುಂದೆ ತಾಯಂದಿರು ಕಾಯುತ್ತಿದ್ದರು. ಒಬ್ಬೊಬ್ಬರಾಗಿ ಮಕ್ಕಳನ್ನು ಇಳಿಸಿಕೊಂಡು ಹೋದರು. ಕೊನೆಗೆ ಕೆಳಗೆ ಒಬ್ಬ ತಾಯಿ, ಮೇಲೆ ಒಬ್ಬ ಹುಡುಗ ಉಳಿದರು. ತಾಯಿ ಹುಡುಗನನ್ನು ನೋಡಿದಳು. ಹುಡುಗ ತಾಯಿಯನ್ನು ನೋಡಿದ.

"ಟೀಚರ್," ಅಂದಳು ಆಕೆ, "ಇಂವ ನಮ್ಮಾಂವ ಅಲ್ಲ."

ಕಣ್ಣ ಮುಂದೆ ಬರೀ ಹೊಳೆ. "ಯಾರಪಾ ನೀನು?" ಅಂದೆ.

"ಮಾಗಳದಾಂವ್ರಿ."

"ಇಲ್ಲಿಗ್ಯಾಕ ಬಂದಿ?"

"ಟ್ಯಾಕ್ಟರ್ ಮ್ಯಾಲ ಕುಂದರಬೇಕಾಗಿತ್ರಿ."

"ನಮ್ಮ ಹುಡುಗ ಎಲ್ಲಿ?"

"ನಮ್ಮ ಎಮ್ಮಿ ಮ್ಯಾಲ ಅದಾನ್ರಿ," ಅಂದ ಸಮಾಧಾನವಾಗಿ. "ಅವಂಗ ಎಮ್ಮಿ ಬೇಕಾಗಿತ್ತು, ನನಗ ಟ್ಯಾಕ್ಟರ್ ಬೇಕಾಗಿತ್ತು. ಉಂಡಮ್ಯಾಲ ಅದ್ಲಿ ಬದ್ಲಿ ಮಾಡಿಕೊಂಡ್ವಿ."

ಟ್ರ್ಯಾಕ್ಟರು ತಿರುಗಿಸಿದೆವು. ಆ ತಾಯಿ ದಾರಿಯುದ್ದಕ್ಕೂ ಅತ್ತಳು, ನಾನೂ ಅತ್ತೆ. ಮಾಗಳದ ಹುಡುಗ ಮಾತ್ರ ಇನ್ನೊಂದು ಸವಾರಿ ಸಿಕ್ಕಿತೆಂದು ಹಿಗ್ಗಿ ಹೀರೇಕಾಯಿ ಆಗಿದ್ದ.

ಹೊತ್ತು ಮುಳುಗುವ ಮೊದಲೇ ಮುಟ್ಟಿದೆವು. ನಮ್ಮ ಹುಡುಗ ಒಂದು ಮನೆಯ ಕಟ್ಟೆ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಮೈತುಂಬ ಕೆಸರು, ಮುಖದಲ್ಲಿ ಪರಮಾನಂದ. ಪಕ್ಕದಲ್ಲಿ ಕಣ್ಣು ಮಂಜಾದ ಮುದುಕಿ, ಮಾಗಳದ ಹುಡುಗನ ಅಜ್ಜಿ.

"ನಾನು ನಮ್ಮಾಂವ ಅಂತ್ಲೇ ರೊಟ್ಟಿ ಹಾಕಿದೆ," ಅಂದಳು ಅಜ್ಜಿ. "ಎರಡು ತಿಂದು, 'ಇನ್ನೊಂದು ಹಾಕ್ತೀಯೇನಜ್ಜಿ' ಅಂತ ಕೇಳಿದ. ನಮ್ಮಾಂವ ಕೇಳಂಗಿಲ್ಲ, ತಾನ ತಗಂತಾನ. ಆಗ ಅನುಮಾನ ಬಂತು ನೋಡ್ರಿ."

ತಾಯಿ ಮಗನಿಗೆ ಎರಡು ಬಾರಿಸಿ, ಆಮೇಲೆ ತಬ್ಬಿಕೊಂಡಳು. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ.

"ಎಮ್ಮಿ ಇವನ ಮಾತು ಭಾಳ ಕೇಳ್ತಾವು. ನಿಮಗೂ ನಮ್ಮಾಂವ ಒಗ್ಗಿದ್ರ, ಇನ್ನೊಂದು ನಾಕು ದಿನ ಹಿಂಗ ಇರ್ಲೇನವ್ವಾ?"

ಆ ತಾಯಿ ಕಣ್ಣೊರೆಸಿಕೊಂಡು ಕೆಸರು ಮೆತ್ತಿದ ತನ್ನ ಮಗನನ್ನು ನೋಡಿದಳು. ತೆಪ್ಪಗೆ ನಿಂತಿದ್ದ ಮಾಗಳದ ಹುಡುಗನನ್ನು ನೋಡಿದಳು. ಬೇಡ ಅನ್ನಲು ಆಕೆ ಸ್ವಲ್ಪ ಜಾಸ್ತಿಯೇ ಹೊತ್ತು ತೆಗೆದುಕೊಂಡಳು.

ಹಗ್ಗ ಜಗ್ಗಾಟ

ಎಂಬತ್ತರ ದಶಕದಲ್ಲಿ ಹರಪನಹಳ್ಳಿಗೆ ಬಂದೆ. ಅಲ್ಲಿನ ಏಳನೇ ಕ್ಲಾಸಿನ ಹುಡುಗರಿಗೆ ಎಷ್ಟು ಆಡಿಸಿದರೂ ದಣಿವಿಲ್ಲ. ಒಂದು ಶನಿವಾರ ಅವರೇ ಬಂದು, "ಹಗ್ಗ ಜಗ್ಗಾಟ ಇಡ್ರಿ ಟೀಚರ್. ಮೇಷ್ಟ್ರು ಒಂದು ಕಡೆ, ನಾವೊಂದು ಕಡೆ" ಅಂದರು. ನಾನು ಹೆಡ್‌ಮಾಸ್ತರನ್ನು ಕೇಳಿದೆ. ಅವರು ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಬಿಟ್ಟು ಬೇರೆ ಹಾಕಿದವರಲ್ಲ. ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ.

"ಇಡ್ರಿ," ಅಂದರು. "ಆದ್ರೆ ಮೇಷ್ಟ್ರುಗಳು ಹಗ್ಗ ಜಗ್ಗೋದು ರಸ್ತೆಗೆ ಕಾಣಬಾರದು. ನಾವು ಕಾಂಪೌಂಡ್ ಒಳಗೆ, ಹುಡುಗರು ಹೊರಗೆ. ಗೇಟು ಮುಂದಕ್ಕೆ ಎಳೀರಿ."

ನಮ್ಮದು ತಗಡಿನ ಗೇಟು. ಎರಡು ಬಾಗಿಲನ್ನೂ ಎಳೆದು, ನಡುವಿನ ಸಂದಿಯಿಂದ ಬಾವಿಯ ಹಗ್ಗವನ್ನು ಹೊರಗೆ ಬಿಟ್ಟೆವು. ಒಳಗೆ ಎಂಟು ಜನ ಮೇಷ್ಟ್ರು, ಎಲ್ಲರ ಮುಂದೆ ಹೆಡ್‌ಮಾಸ್ತರು. ಹೊರಗೆ ಹದಿನಾರು ಹುಡುಗರು. ನಾನು ಒಳಗೆ, ಗೋಡೆ ಪಕ್ಕ ನಿಂತು ಸೀಟಿ ಊದಿದೆ. ಇದು ಹೊಸ ಸೀಟಿ, ಸದ್ದು ಬರುತ್ತಿತ್ತು.

ಮೇಷ್ಟ್ರುಗಳು ಜಗ್ಗಿದರು. ಹಗ್ಗ ಒಂದಂಗುಲ ಅಲುಗಲಿಲ್ಲ.

"ಭಾಳ ಗಟ್ಟಿ ಅದಾವ್ರಿ ಹುಡುಗ್ರು," ಎಂದು ವಿಜ್ಞಾನದ ಮೇಷ್ಟ್ರು ಏದುಸಿರು ಬಿಟ್ಟರು.

"ಮಾತು ಬೇಡ. ಜಗ್ಗ್ರಿ," ಅಂದರು ಹೆಡ್‌ಮಾಸ್ತರು.

ಹೊರಗಿನಿಂದ ಹುಡುಗರ ಕೂಗು ಜೋರಾಗಿ ಕೇಳುತ್ತಿತ್ತು. ಆ ಕೂಗಿನಲ್ಲಿ ನನಗೆ ಏನೋ ವಿಚಿತ್ರ ಅನ್ನಿಸಿತು. ಜಗ್ಗುವವರು "ಐಸಾ" ಅನ್ನಬೇಕು. ಇವರು "ಬಿಡಬ್ಯಾಡ್ರಿ ಸಾರ್, ಇನ್ನೂ ಜೋರು ಸಾರ್" ಎಂದು ಹುರಿದುಂಬಿಸುತ್ತಿದ್ದರು. ಹತ್ತು ನಿಮಿಷವಾಯಿತು. ಡ್ರಾಯಿಂಗ್ ಮೇಷ್ಟ್ರು ಜಗ್ಗುತ್ತಲೇ ಕೂತುಬಿಟ್ಟರು.

ನಾನು ಗೋಡೆ ಪಕ್ಕದ ಕಲ್ಲು ಹತ್ತಿ ಹೊರಗೆ ಇಣುಕಿದೆ. ಹದಿನಾರೂ ಹುಡುಗರು ಎದುರಿನ ಬೇವಿನ ಮರದ ಕೆಳಗೆ ಸಾಲಾಗಿ ಕೂತು ಹುರಿಗಡಲೆ ತಿನ್ನುತ್ತಿದ್ದರು. ಹಗ್ಗದ ಆ ಕಡೆಯ ತುದಿ, ರಸ್ತೆ ಕೆಲಸಕ್ಕೆಂದು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ್ದ ರೋಡ್ ರೋಲರಿನ ಹಿಂಭಾಗಕ್ಕೆ ಬಿಗಿದಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ, ಚಹಾ ಕುಡಿಯಲು ಹೋಗಿದ್ದ ರೋಲರಿನ ಡ್ರೈವರು ಎದುರುಗಡೆಯಿಂದ ಬಂದ. ಸೀದಾ ಮೇಲೆ ಹತ್ತಿದ. ಹಿಂದೆ ನೋಡಲಿಲ್ಲ. ಧಡ್ ಧಡ್ ಎಂದು ಇಂಜಿನ್ ಶುರುವಾಯಿತು.

"ಸಾರ್, ಹಗ್ಗ ಬಿಡ್ರಿ!" ಎಂದು ನಾನು ಕೂಗಿದೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇಡೀ ಸ್ಟಾಫು ಮೆಲ್ಲಗೆ ಗೇಟಿನ ಕಡೆ ಸರಿಯತೊಡಗಿತು.

"ಜಗ್ಗಾಕತ್ತಾರ! ಈಗ ಜಗ್ಗಾಕತ್ತಾರ!" ಎಂದು ವಿಜ್ಞಾನದ ಮೇಷ್ಟ್ರು ಕಿರುಚಿದರು.

"ಕಾಲು ಊರ್ರಿ! ಯಾರೂ ಬಿಡಬೇಡಿ! ಇದು ಮರ್ಯಾದೆ ಪ್ರಶ್ನೆ!" ಹೆಡ್‌ಮಾಸ್ತರ ಕುತ್ತಿಗೆಯ ನರಗಳೆಲ್ಲ ಎದ್ದಿದ್ದವು. ಏಳು ಜೋಡಿ ಚಪ್ಪಲಿ ಮಣ್ಣಿನಲ್ಲಿ ಏಳು ಜೋಡಿ ಗೆರೆ ಎಳೆದವು. ಡ್ರಾಯಿಂಗ್ ಮೇಷ್ಟ್ರು ಕೂತಲ್ಲೇ ಬರುತ್ತಿದ್ದರು. ತಗಡಿನ ಬಾಗಿಲು ಎರಡೂ ಕಡೆ ತೆರೆದುಕೊಂಡಿತು, ರಸ್ತೆಗೆ ಕಾಣಬಾರದು ಅಂದಿದ್ದ ಸ್ಟಾಫು ಸಾಲಾಗಿ ರಸ್ತೆಗೆ ಬಂತು.

ಶನಿವಾರದ ಮಧ್ಯಾಹ್ನ. ಅಂಗಡಿಯವರು ಎದ್ದು ನಿಂತರು, ಸೈಕಲ್ಲಿನವರು ಇಳಿದರು. ಮೇಷ್ಟ್ರುಗಳಿಗೆ ಈಗ ಎದುರಾಳಿ ಯಾರೆಂದು ಕಂಡಿತು. ಆದರೂ ಹೆಡ್‌ಮಾಸ್ತರು ಬಿಡಿ ಅಂದಿರಲಿಲ್ಲವಾದ್ದರಿಂದ ಯಾರೂ ಬಿಡಲಿಲ್ಲ. ರೋಲರು ನಡಿಗೆಯ ವೇಗದಲ್ಲಿ ಮುಂದೆ, ಹಗ್ಗ ಹಿಡಿದ ಎಂಟು ಜನ ಹಿಂದೆ.

ಜನ ಎಲ್ಲಾ ಒಂದೇ ಕಡೆ ನೋಡುವುದನ್ನು ಕಂಡು ಡ್ರೈವರು ಹಿಂತಿರುಗಿ ನೋಡಿದ. ಗಾಡಿ ನಿಲ್ಲಿಸಿದ. ಬಹಳ ಹೊತ್ತು ನೋಡಿ, ಗೌರವದಿಂದಲೇ ಕೇಳಿದ:

"ಎಲ್ಲಿ ತಂಕ ಬರ್ತೀರಿ ಸಾರ್?"

ಹೆಡ್‌ಮಾಸ್ತರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಊರೆಲ್ಲ ನಿಂತಿತ್ತು. ಹಗ್ಗವನ್ನು ಇನ್ನೂ ಬಿಡದೆ, ಒಂದು ಕೈಯಿಂದ ಅಂಗಿಯ ಕಾಲರು ಸರಿ ಮಾಡಿಕೊಂಡು, ಮುಖ ಕದಲಿಸದೆ ಹೇಳಿದರು:

"ಬಸ್ ಸ್ಟ್ಯಾಂಡ್ ತನಕ."